ಜಪ್ಪಯ್ಯ ಅಂದರೂ ಕದಲದ ಟೊಪ್ಪಿಗೆ

ಹಡಗಿನಿಂದ
ಮಾರ್ಚ್ ೧೪, ಗುರುವಾರ

ನನ್ನ ಜಗಳಗಂಟಿ ಬಂಗಾರವೇ,

ಡೀಸೆಲ್ ತಂದ ದೋಣಿಯಲ್ಲಿ ನಿನ್ನ ಪತ್ರ ಬಂತು. ನಾಲ್ಕು ಪುಟದಲ್ಲಿ ಮೂರೂವರೆ ಪುಟ ಕನ್ನಡಕದ ಮಾತೇ! ಮಗಳು ಕನ್ನಡಕದ ಅಂಗಡಿ ಇಟ್ಟರೆ ತಾಯಿಯ ಗತಿ ಇಷ್ಟೇ. ನೀನು ಮಾಡಿಕೊಟ್ಟದ್ದು ಪೆಟ್ಟಿಗೆಯಲ್ಲಿ, ಕಾಲುಚೀಲದೊಳಗೆ ಭದ್ರವಾಗಿದೆ. ಅದನ್ನು ಹಾಕಿಕೊಂಡರೆ ಕೊಕ್ಕೆಯಕ್ಕನ ಕಣ್ಣು ಹೋಯಿತು ಅಂತ ದೋಣಿಯಿಂದ ಇಳಿಸಿಬಿಡುತ್ತಾರೆ ಕಣೇ. ಇಪ್ಪತ್ತೆರಡು ವರ್ಷ ಕೊಕ್ಕೆ ಹಿಡಿದವಳು ಉಗ್ರಾಣದಲ್ಲಿ ಕೂತು ಸಾಬೂನು ಎಣಿಸಲೇ?

ಇರಲಿ, ಮಂಗಳವಾರದ ಕಥೆ ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳುತ್ತೇನೆ. ಮೇಲೆ ಹಾರಿದ ರಾಕೆಟ್ಟಿನ ತುದಿಯ ಟೊಪ್ಪಿಗೆ ಕಳಚಿ ಸಮುದ್ರಕ್ಕೆ ಬಿದ್ದಿತ್ತು. ಬಸ್ಸಿನಷ್ಟು ಉದ್ದವಿದ್ದರೂ ನೀರಿನ ಮೇಲೆ ಕಾಣುವುದು ಬೆನ್ನು ಮಾತ್ರ. ನೀರು ತುಂಬಿ ಮುಳುಗುವ ಮೊದಲು ಅದನ್ನು ಬಂದರಿಗೆ ಎಳೆದು ತರಬೇಕು. ಮಂಜು ಕವಿದಿತ್ತು. ಕ್ಯಾಪ್ಟನ್ ದುರ್ಬೀನು ಹಿಡಿದು, ಅಗೋ ಬೆಳ್ಳಗೆ, ಅದೇ ಅದೇ ಎಂದು ಕೂಗಿದರು. ನಾನು ಸಣ್ಣ ದೋಣಿಯಲ್ಲಿ ಹೋಗಿ, ಅದರ ಮೈಮೇಲೆ ಕೈಗೆ ಸಿಕ್ಕ ಕಬ್ಬಿಣದ ಬಳೆಗೆ ಕೊಕ್ಕೆ ಹಾಕಿ, ಎಳೆಯಿರಿ ಎಂದು ಸನ್ನೆ ಮಾಡಿದೆ. ಹಡಗು ಒಂದು ಗಂಟೆ ಗುಟುರು ಹಾಕಿತು. ಜಪ್ಪಯ್ಯ ಅಂದರೂ ಅದು ಕದಲಲಿಲ್ಲ! ಕೊನೆಗೆ ಅಡುಗೆಯವನು ಸೌಟು ಹಿಡಿದು ಹೊರಗೆ ಬಂದು, ಅಕ್ಕಾ, ಅದರ ಮೇಲೆ ನಂಬರ್ ಬರ್ದಿದೆ, ಹವಾಮಾನದೋರು ಲಂಗರು ಹಾಕಿ ನಿಲ್ಸಿರೋ ಪೀಪಾಯಿ ಅದು ಅಂದ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಕ್ಯಾಪ್ಟನ್ ಮಾತ್ರ ನಗದೆ, ಇನ್ನೊಂದು ಸಲ ಹೀಗಾದ್ರೆ ಕೊಕ್ಕೆ ಬೇರೆಯವರಿಗೆ ಅಂದರು. ಹಗ್ಗದ ಕೋಣೆಗೆ ಹೋಗಿ ಅತ್ತುಬಿಟ್ಟೆ ಮಗಳೇ, ನಿನ್ನ ಹತ್ತಿರ ಮುಚ್ಚಿಡುವುದೇನು.

ಆದರೆ ಬುಧವಾರ ಬೆಳಿಗ್ಗೆ ಟೊಪ್ಪಿಗೆಯನ್ನು ಮೊದಲು ಕಂಡವಳು ಯಾರು? ನಿನ್ನಮ್ಮ! ಅದು ಬರೀ ನೊರೆ ಎಂದರು ಕ್ಯಾಪ್ಟನ್. ನೊರೆಗೆ ಮೊಳೆ ಹೊಡೆದಿರ್ತಾರಾ ಅಂತ ನಾನು ದಬಾಯಿಸಿದೆ. ಮೊದಲ ಏಟಿಗೇ ಕೊಕ್ಕೆ ಕೂತಿತು. ಹಡಗೂ ಅದೂ ಒಟ್ಟಿಗೇ ಅಲೆ ಹತ್ತಿ ಒಟ್ಟಿಗೇ ಇಳಿಯುವಷ್ಟು ಹಗ್ಗ ಬಿಟ್ಟೆ, ಇಲ್ಲವಾದರೆ ಜಗ್ಗಿ ತುಂಡಾಗುತ್ತದೆ. ಈಗ ಕರುವಿನ ಹಾಗೆ ಹಿಂದೆಯೇ ಬರುತ್ತಿದೆ. ಕೊಕ್ಕೆ ನಿನ್ನ ಕೈಲೇ ಇರ್ಲಿ ಅಂದರು ಕ್ಯಾಪ್ಟನ್.

ಅಷ್ಟು ದೂರದಿಂದ ಹೇಗೆ ಕಂಡಿತು ಅಂತ ಕೇಳಬೇಡ. ಎಲ್ಲ ಅನುಭವ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ, ಇನ್ನೂ ದೋಣಿಯಲ್ಲೇ ಇರುವ
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಓದಿ ನೋಡಿದೆ, ಸುಳ್ಳು ಜೀರ್ಣವಾಗಲಿಲ್ಲ. ಬುಧವಾರ ಬೆಳಗಾಗುತ್ತಲೇ ಕಾಲುಚೀಲ ಬಿಚ್ಚಿ, ಹಗ್ಗದ ರಾಟೆಯ ಮರೆಯಲ್ಲಿ ನಿಂತು ಕನ್ನಡಕ ಹಾಕಿಕೊಂಡೆ. ಅಬ್ಬಬ್ಬಾ, ಮೊಳೆಯ ತಲೆ ಕೂಡ ಎಣಿಸಬಹುದಿತ್ತು! ಆಮೇಲೆ ಒಬ್ಬರ ಕೈಗೆ ಸಿಕ್ಕಿಬಿದ್ದೆ. ನನ್ನ ಕೆಲಸ ಹೋಯಿತು ಅಂದುಕೊಂಡೆ. ಅವರು ಆಚೆ ಈಚೆ ನೋಡಿ, ಎಲ್ಲಿ ಮಾಡಿಸ್ದೆ ಎಂದು ಪಿಸುಗುಟ್ಟಿದರು. ಅಗಲ ಮುಖದ ಗಂಡಸಿಗೆ ಆಗುವಂಥ ಇನ್ನೊಂದು ಕನ್ನಡಕ ಬೇಗ ಕಳಿಸು. ಹೆಸರು ಹೇಳುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಪೀಪಾಯಿ ನೋಡಿ ಅದೇ ಅದೇ ಎಂದು ಮೊದಲು ಕೂಗಿದವರಿಗೆ ಅಂತ ಬರೆದುಕೋ, ಸಾಕು.