ದ್ಯಾಮವ್ವ ಬೆಳ್ಳಟ್ಟಿಯವರ ಹಾಜರಿ

ಗದಗ-ಬೆಟಗೇರಿ
ಶುಕ್ರವಾರ, ಮಧ್ಯಾಹ್ನ

ನಾನು ಒಮ್ಮೆಯೂ ನೋಡಿರದ ದ್ಯಾಮವ್ವನವರಿಗೆ,

ನಾಳೆ ಸಂಜೆ ಆರೂವರೆಗೆ ನಮ್ಮ ನಾಟಕ. ಅದಕ್ಕೂ ಮೊದಲು ಪರದೆಯ ಹಿಂದೆ ಮಹಬೂಬಸಾಬರು ಕರಪತ್ರ ಹಿಡಿದು ಒಬ್ಬೊಬ್ಬರ ಹೆಸರು ಕರೆಯುತ್ತಾರೆ. ನಾಲ್ಕನೆಯ ಹೆಸರು ನಿಮ್ಮದು. ನೀವು ತೀರಿಕೊಂಡು ನಲವತ್ತೊಂದು ವರ್ಷವಾಗಿದೆ. ಆ ಹೆಸರನ್ನು ಅಲ್ಲಿ ಅಚ್ಚು ಹಾಕಿಸಿದವಳು ನಾನು. ಅದಕ್ಕೇ ಈ ಪತ್ರ.

ನನ್ನ ಹೆಸರು ಸ್ನೇಹಾ. ಲಕ್ಷ್ಮೇಶ್ವರದವಳು. ಅಂದರೆ ನಮ್ಮ ಮನೆ, ಅಪ್ಪನ ಕಾಳಿನ ಅಂಗಡಿ ಅಲ್ಲಿವೆ. ನಾನು ಮಾತ್ರ ಆರನೆಯ ವರ್ಷದಿಂದ ಊಟಿಯ ಹಾಸ್ಟೆಲಿನಲ್ಲಿ ಬೆಳೆದೆ. ಕನ್ನಡ ಓದುವಾಗ ಈಗಲೂ ಸಾಲಿನ ಕೆಳಗೆ ಬೆರಳಿಡಬೇಕು. ರಜೆಗೆ ಬಂದಾಗೆಲ್ಲ ನಮ್ಮ ಶಾರದವ್ವ ಅಜ್ಜಿ, "ನಮ್ಮ ಕೂಸು ಇಂಗ್ಲಿಷ್ ಟೀವಿ ಆಗೇತ್ರಿ, ಬಣ್ಣ ಚಂದ ಕಾಣತೈತಿ, ಮಾತು ತಿಳೀವಲ್ದು" ಎಂದು ಓಣಿಯವರನ್ನು ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ನಕ್ಕು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಈ ವರ್ಷ ಇಲ್ಲಿನ ವಿಶ್ವವಿದ್ಯಾಲಯದ ನಾಟಕ-ಸಿನಿಮಾ ವಿಭಾಗಕ್ಕೆ ಸೇರಿದೆ. ಹತ್ತಿ ತುಂಬಿಡುತ್ತಿದ್ದ ಹಳೆಯ ಗೋದಾಮೇ ನಮ್ಮ ರಂಗಮಂದಿರ. ಗಾಳಿ ಜೋರಾದರೆ ತೊಲೆಗಳ ಸಂದಿಯಿಂದ ಈಗಲೂ ಹತ್ತಿಯ ಎಳೆ ಉದುರುತ್ತದೆ. ಈ ಸೀಸನ್ನಿಗೆ ಮೂರು ನಾಟಕ, ಕೊನೆಯ ವಾರ ವಿದ್ಯಾರ್ಥಿಗಳ ಸಿನಿಮಾ. ಮೊದಲ ನಾಟಕ 'ಸೆರಗಿನ ಸಾಕ್ಷಿ', ನೀವು ನಟಿಸುತ್ತಿದ್ದ ನಾಟಕ ಕಂಪನಿಯದು. ನಿರ್ದೇಶಕರು ನಂದೀಶ ಸರ್. ಮೊದಲ ವರ್ಷದವರಿಗೆ ಪಾತ್ರ ಕೊಡುವುದಿಲ್ಲ. ನನಗೆ ಸಿಕ್ಕಿದ್ದು ನಟರಿಗೆ ಮರೆಯಿಂದ ಮಾತು ನೆನಪಿಸುವ ಪ್ರಾಂಪ್ಟರ್ ಕೆಲಸ, ಜೊತೆಗೆ ಪ್ರಚಾರ. ಕನ್ನಡ ಓದಲು ಬಾರದವಳಿಗೆ ಪ್ರಾಂಪ್ಟರ್ ಕೆಲಸ! "ಓದಿ ಓದಿನ ಕಲೀತಿ" ಅಂದರು ಸರ್.

ಕರಪತ್ರ ಕಂಪನಿ ಕಾಲದ್ದರ ಹಾಗೇ ಇರಬೇಕು ಎಂದು ಅವರು ೧೯೮೪ರ ಒಂದು ಹಾಳೆ ಕೊಟ್ಟರು. ಗುಲಾಬಿ ಕಾಗದ, ಬೆರಳು ಮಾಡಿ ತೋರಿಸುವ ಕೈಯ ಚಿತ್ರ. ನಾನು ಮೊಬೈಲಿನಲ್ಲಿ ಅದರ ಫೋಟೋ ತೆಗೆದು, ಅಕ್ಷರವಾಗಿಸಿ, ಹಳಬರ ಹೆಸರು ಅಳಿಸಿ ನಮ್ಮವರ ಹೆಸರು ತುಂಬಿದೆ. ತಾಯಿ ಗಂಗವ್ವನ ಪಾತ್ರಕ್ಕೆ ಇನ್ನೂ ಯಾರೂ ಆಯ್ಕೆಯಾಗಿರಲಿಲ್ಲ. ಅಲ್ಲಿ 'ದ್ಯಾಮವ್ವ ಬೆಳ್ಳಟ್ಟಿ' ಎಂದಿತ್ತು. ಆಮೇಲೆ ಬದಲಿಸೋಣ ಎಂದು ಬಿಟ್ಟೆ. ಬಿಟ್ಟಿದ್ದು ಮರೆತೆ. ಎರಡು ಸಾವಿರ ಹಾಳೆ ಅಚ್ಚಾಗಿ ಬಂದವು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲ ಬಸ್ ಸ್ಟ್ಯಾಂಡಿನ ಗೋಡೆಗೂ ನಾವೇ ಅಂಟಿಸಿ ಬಂದೆವು. ಸೀಟು ಕಾದಿರಿಸಲು ನನ್ನ ಫೋನ್ ನಂಬರು.

ನಿಜ ಹೇಳುತ್ತೇನೆ, ಗೊತ್ತಾದಾಗ ನನಗೆ ಅಂಥ ದೊಡ್ಡ ತಪ್ಪು ಅನ್ನಿಸಲಿಲ್ಲ. ಹನ್ನೊಂದು ವರ್ಷ ಬೆಳಿಗ್ಗೆ ಸಂಜೆ ಹಾಸ್ಟೆಲಿನ ಹಾಜರಿಗೆ 'ಪ್ರೆಸೆಂಟ್ ಮ್ಯಾಮ್' ಅಂದವಳು ನಾನು. ಗೆಳತಿಯರು ಕಾಂಪೌಂಡ್ ಹಾರಿದಾಗ ಅವರ ಹೆಸರಿಗೂ ದನಿ ಬದಲಿಸಿ ನಾನೇ ಪ್ರೆಸೆಂಟ್ ಅಂದಿದ್ದೇನೆ. ಆ ಒಂದು ಕೆಲಸಕ್ಕೆ ನನ್ನನ್ನು ಎಲ್ಲರೂ ಹುಡುಕಿಕೊಂಡು ಬರುತ್ತಿದ್ದರು. ಹೆಸರೆಂದರೆ ಪಟ್ಟಿಯ ಒಂದು ಸಾಲು, ಯಾರು ಓಗೊಟ್ಟರೇನು ಎಂದುಕೊಂಡಿದ್ದೆ.

ಆಮೇಲೆ ಫೋನು ಬರತೊಡಗಿದವು.

ಮೊದಲನೆಯದು ಶಿರಹಟ್ಟಿಯಿಂದ, ಒಬ್ಬ ವಯಸ್ಸಾದ ಹೆಂಗಸು. ಸೀಟಿನ ಮಾತೇ ಎತ್ತಲಿಲ್ಲ. "ಯವ್ವಾ, ದ್ಯಾಮವ್ವ ಹುಷಾರಾದಳಾ?" ಎಂದು ಕೇಳಿ, ನಾನು ತೊದಲುವಷ್ಟರಲ್ಲಿ, "ಆತು ಬಿಡವಾ, ಬಂದ ನೋಡತೇನಿ" ಎಂದು ಇಟ್ಟುಬಿಟ್ಟಳು. ಮರುದಿನ ಮುಂಡರಗಿಯಿಂದ ಸಕ್ರಪ್ಪ ಎಂಬ ಮುದುಕರು. ಅವರಿಗೆ ಸಿಟ್ಟಿತ್ತು. "ಅವತ್ತ ಎರಡ ಅಂಕ ಆಕೀನ ಮಾಡಿದ್ಲು. ಮೂರನೇ ಅಂಕಕ್ಕ ಸೀರಿ ಅದ ಇತ್ತು, ದನಿ ಬ್ಯಾರೆ. ನಮಗೇನು ಕಿವಿ ಇರಲಿಲ್ಲೇನು? ಆಕಿ ಎಲ್ಲಿ ಹೋದ್ಲು, ಏನಾತು, ಯಾವ ಮಗಾನೂ ಪರದೆ ಮುಂದ ಬಂದು ಹೇಳಲಿಲ್ಲ. ನಲವತ್ತ ವರ್ಷ ಆತು ತಂಗಿ. ಈಗರೆ ಹೇಳ್ರಿ."

ನಾನು ಕರಪತ್ರ ಹಿಡಿದು ಮಹಬೂಬಸಾಬರ ಬಳಿ ಓಡಿದೆ. ನಿಮಗೆ ಅವರು ಗೊತ್ತು. ನಿಮ್ಮ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ ಹುಡುಗ, ಈಗ ಬಿಳಿ ಗಡ್ಡದವರು, ನಮ್ಮ ವಿಭಾಗದ ಪರದೆ ಮತ್ತು ಸಾಮಾನು ನೋಡಿಕೊಳ್ಳುತ್ತಾರೆ. ಹರಿದ ಪರದೆ ಹೊಲಿಯುತ್ತ ಕೂತಿದ್ದರು. ನಿಮ್ಮ ಹೆಸರಿನ ಮೇಲೆ ಕಣ್ಣು ಬಿದ್ದದ್ದೇ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದರು.

"ಏನ ಮಾಡಿದಿ ಹುಡುಗಿ ಇದು?"

ಅವರು ಹೇಳಿದ್ದನ್ನು ನಿಮಗೆ ತಿರುಗಿ ಹೇಳಲು ನನಗೆ ಸಂಕೋಚ, ಆದರೆ ನನಗೆ ಎಷ್ಟು ಗೊತ್ತು ಎಂಬುದು ನಿಮಗೂ ತಿಳಿದಿರಲಿ. ಕಂಪನಿಯಲ್ಲಿ ಒಂದು ಕಟ್ಟಳೆ ಇತ್ತಂತೆ. ಪ್ರತಿ ಅಂಕಕ್ಕೂ ಮೊದಲು ಹಾಜರಿ. ಕರಪತ್ರದಲ್ಲಿ ಹೆಸರಿರುವ ಪ್ರತಿಯೊಬ್ಬರೂ 'ಬಂದೇನ್ರಿ' ಎಂದು ತಾವು ಬಂದಿರುವುದನ್ನು ಹೇಳದೆ ಪರದೆ ಏಳುವ ಹಾಗಿಲ್ಲ. ಮುಂಡರಗಿ ಮೊಕ್ಕಾಮಿನಲ್ಲಿ ಎರಡನೇ ಅಂಕ ಮುಗಿದದ್ದೇ ನೀವು ಎದೆ ಹಿಡಿದುಕೊಂಡು ಕುಸಿದಿರಿ. ಮಾಲೀಕ ಆಟ ನಿಲ್ಲಿಸಲಿಲ್ಲ. ನಿಮ್ಮ ಮೈಮೇಲಿನ ಸೀರೆ ಬಿಚ್ಚಿಸಿ ಇನ್ನೊಬ್ಬ ಹುಡುಗಿಗೆ ಉಡಿಸಿದ. ನಿಮಗೆ ಕಂಬಳಿ ಹೊದಿಸಿ, ಸುತ್ತಿಟ್ಟ ಪರದೆಗಳ ಹಿಂದೆ ಟ್ರಂಕಿನ ಮೇಲೆ ಮಲಗಿಸಿದರು.

"ಹಾಜರಿ ನಾನ ಕರದೆ. 'ದ್ಯಾಮವ್ವ' ಅಂದೆ. ಆ ಹುಡುಗಿ 'ಬಂದೇನ್ರಿ' ಅಂತು. ಹಿಂದ ಟ್ರಂಕಿನ ಕಡಿಂದನೂ 'ಬಂದೇನ್ರಿ' ಅಂತು. ಸಣ್ಣ ದನಿ. ಎರಡೂ ಕೇಳಿದೆ ನಾ. ಖರೆ ಹೇಳತೇನಿ, ಎರಡೂ ಕೇಳಿದೆ. ಕೇಳಿನೂ ಪರದೆ ಎಳದೆ."

ಮೂರನೇ ಅಂಕ ಮುಗಿಸಿ ಬಂದು ನೋಡಿದರೆ ನಿಮ್ಮ ಉಸಿರಿರಲಿಲ್ಲ.

ನಂದೀಶ ಸರ್ ಇದನ್ನೆಲ್ಲ ಕೇಳಿ, "ಕಲ್ಪನಾ ಮಾಡಲಿ ಆ ಪಾತ್ರ. ಹಾಜರಿನೂ ಇರಲಿ, ಚಂದ ಐತಿ, ಶೂಟ್ ಮಾಡ್ರಿ" ಅಂದರು. ಕಲ್ಪನಾ ಎರಡನೇ ವರ್ಷದವಳು, ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ನಟಿ. ಸೀಸನ್ನಿನ ಬಗ್ಗೆ ಸಿನಿಮಾ ಮಾಡುತ್ತಿರುವ ನನ್ನ ಸಹಪಾಠಿ ಇಜಾಜ ಕ್ಯಾಮೆರಾ ಹೂಡಿ ಚಿತ್ರಿಸತೊಡಗಿದ. ನಿಮ್ಮ ಹೆಸರು ಕರೆದಾಗ ಕಲ್ಪನಾ ನಗುತ್ತಲೇ 'ಬಂದೇನ್ರಿ' ಅಂದಳು.

ನಾವು ತಾಲೀಮು ಮಾಡುವುದು ಮಧ್ಯಾಹ್ನ. ಕಿಟಕಿಯಿಂದ ನೋಡಿದರೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಗೋದಾಮಿನೊಳಗೆ ಬಿಸಿಲ ಕೋಲುಗಳಲ್ಲಿ ಹತ್ತಿಯ ಎಳೆ ತೇಲುತ್ತಿರುತ್ತದೆ. ಹೆದರುವಂಥ ಜಾಗವಲ್ಲ. ಅಂಥ ಬೆಳಕಿನಲ್ಲೇ ಅದು ಶುರುವಾಯಿತು. ಗಂಗವ್ವನ ಮಾತನ್ನು ಕಲ್ಪನಾ ಆಡುವ ಮುನ್ನ, ಅರ್ಧ ಉಸಿರಿನಷ್ಟು ಮುಂಚೆ, ಯಾರೋ ಮೆಲ್ಲಗೆ ಆಡುತ್ತಿದ್ದರು. ನಾನು ಸಾಲಿನ ಕೆಳಗೆ ಬೆರಳಿಟ್ಟು ಅಕ್ಷರ ಕೂಡಿಸುತ್ತಿರುವಾಗಲೇ ಆ ಸಾಲು ಮುಗಿದಿರುತ್ತಿತ್ತು.

"ಏ ಸ್ನೇಹಾ, ನನಗ ಮಾತು ಬರತಾವು! ಮುಂಚೇನ ಯಾಕ ಬೊಗಳತಿ?" ಎಂದು ಕಲ್ಪನಾ ಬೈದಳು. ನಾನು ಬಾಯಿ ಬಿಟ್ಟಿಲ್ಲ ಎಂದು ಆಣೆ ಮಾಡಿದೆ. ಮೂರನೆಯ ದಿನ ಅವಳು ತಾಲೀಮಿನ ಸೀರೆ ಬಿಚ್ಚಿ ಕುರ್ಚಿಯ ಮೇಲೆಸೆದಳು. "ಆ ಪಾತ್ರದಾಗ ಆಗಲೇ ಯಾರೋ ಅದಾರ್ರಿ ಸರ್. ಇಬ್ಬರಿಗೆ ಜಾಗ ಇಲ್ಲಲ್ಲಿ." ಎಷ್ಟು ಕರೆದರೂ ತಿರುಗಿ ಬರಲಿಲ್ಲ.

ಉಳಿದದ್ದು ಹನ್ನೆರಡು ದಿನ. ಇನ್ನೊಬ್ಬರು ಮಾತು ಕಲಿಯಲು ಸಮಯವಿರಲಿಲ್ಲ. ಸರ್ ನನ್ನ ಕಡೆ ನೋಡಿದರು. "ಪ್ರಾಂಪ್ಟರ್ ನೀ. ಸುಮ್ಮ ನಿಂತು ಓದಿ ತೋರಿಸು." ಹುಡುಗರು ಆಗಲೇ ನಗಲು ಸಜ್ಜಾಗಿದ್ದರು, ನನ್ನ 'ಳ' ಮತ್ತು 'ಲ' ಅವರಿಗೆ ದಿನದ ಮನರಂಜನೆ. ನಾನು ರಂಗದ ನಡುವೆ ನಿಂತು ಬಾಯಿ ತೆರೆದೆ.

ಯಾರೂ ನಗಲಿಲ್ಲ.

ನಾನೇನು ಆಡಿದೆನೋ ನನಗೆ ಸರಿಯಾಗಿ ನೆನಪಿಲ್ಲ. ಮುಗಿದಾಗ ನಾಟಕದ ಪ್ರತಿ ನೆಲದ ಮೇಲೆ ಬಿದ್ದಿತ್ತು. ಮಹಬೂಬಸಾಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಸರ್ ಆ ಪಾತ್ರವನ್ನು ನನಗೇ ಕೊಟ್ಟರು. ಅಂದು ಸಂಜೆ ಇಜಾಜ ನನ್ನನ್ನು ಎಡಿಟಿಂಗ್ ಕೋಣೆಗೆ ಕರೆದೊಯ್ದು ಮೊದಲ ದಿನದ ತಾಲೀಮು ಹಾಕಿ ತೋರಿಸಿದ. ಕಲ್ಪನಾಳ ಹಿಂದೆ, ಅಂಚಿನಲ್ಲಿ, ನಾನು ಕಾಣುತ್ತಿದ್ದೆ. ನನ್ನ ಬೆರಳು ಪುಟದ ಮೇಲೆ ಬೇರೆಲ್ಲೋ ನಿಂತಿತ್ತು. ಕಣ್ಣು ಪುಟದ ಮೇಲಿರಲಿಲ್ಲ. ತುಟಿ ಆಡುತ್ತಿತ್ತು. ಮುಂಚೆ ಆಡುತ್ತಿದ್ದ ಆ ದನಿ ನನ್ನ ಬಾಯಿಂದಲೇ ಬರುತ್ತಿತ್ತು.

"ನೋಡಲೇ, ಹಾಜರಿದೂ ನೋಡು" ಅಂದ ಇಜಾಜ. ಮಹಬೂಬಸಾಬರು 'ದ್ಯಾಮವ್ವ ಬೆಳ್ಳಟ್ಟಿ' ಎನ್ನುತ್ತಾರೆ. ಕಲ್ಪನಾ ನಗುತ್ತ ಓಗೊಡುತ್ತಾಳೆ. ಅವಳಿಗಿಂತ ಮೊದಲೇ, ಮೆಲ್ಲಗೆ, ನಾನು ಅಂದಿದ್ದೇನೆ: ಬಂದೇನ್ರಿ.

ದ್ಯಾಮವ್ವನವರೇ, ಅದು ನೀವೋ ಅಥವಾ ನಾನೋ? ಹೆಸರು ಕೇಳಿದರೆ ಸಾಕು, ಯಾರದಿದ್ದರೂ ಓಗೊಡುವುದು ನನಗೆ ಅಂಟಿದ ಚಟ. ನಿಮ್ಮ ಹೆಸರನ್ನೂ ಹಾಗೇ ಕದ್ದೆನೇ? ಅಥವಾ ಅರ್ಧಕ್ಕೆ ಬಿಟ್ಟ ಪಾತ್ರ ಮುಗಿಸಲು ನಿಮಗೊಂದು ಖಾಲಿ ಬಾಯಿ ಬೇಕಿತ್ತೇ? ನನ್ನಷ್ಟು ಖಾಲಿ ಬಾಯಿ ಈ ನಾಲ್ಕೂ ಊರಿನಲ್ಲಿ ಇನ್ನೊಂದು ಸಿಗಲಿಕ್ಕಿಲ್ಲ. ಅರ್ಧ ಇಂಗ್ಲಿಷು, ಅರ್ಧ ಏನೂ ಅಲ್ಲ.

ಇನ್ನೂ ಒಂದಿದೆ. ಕಳೆದ ಭಾನುವಾರ ಅಜ್ಜಿಗೆ ಫೋನ್ ಮಾಡಿದ್ದೆ. ನಾಲ್ಕು ಮಾತಾಡಿದ್ದೆನೋ ಇಲ್ಲವೋ, ಆ ಕಡೆ ಅಜ್ಜಿ ಅಳುತ್ತಿದ್ದಳು. "ಈಗ ನೋಡು, ಈಗ ನಮ್ಮ ಕೂಸು ಆದಿ ನೀ. ಎಷ್ಟ ಚಂದ ಮಾತಾಡತಿ! ಹನ್ನೊಂದ ವರ್ಷ ಎಲ್ಲಿ ಇಟ್ಟಿದ್ದಿ ಈ ದನೀನ?" ಹಾಸ್ಟೆಲಿಗೆ ಹೋದ ಮೇಲೆ ಮೊದಲ ಬಾರಿಗೆ ಅವಳಿಗೆ ನನ್ನ ಮಾತು ತಿಳಿದಿತ್ತು. ಅದು ನನ್ನ ದನಿಯಲ್ಲ ಅಜ್ಜಿ ಎಂದು ಹೇಗೆ ಹೇಳಲಿ? ಹೇಳಲಿಲ್ಲ. ಫೋನಿಟ್ಟು ಇಂಗ್ಲಿಷಿನಲ್ಲಿ ನನ್ನ ಹೆಸರು ಹೇಳಿಕೊಳ್ಳಲು ಹೋದೆ. ಒಂದು ಗಳಿಗೆ, ಬರೀ ಒಂದು ಗಳಿಗೆ, ಬರಲಿಲ್ಲ. ಈ ಪತ್ರ ಇಷ್ಟು ಸರಾಗವಾಗಿ ಬರೆಯುತ್ತಿರುವುದಕ್ಕೂ ನನಗೆ ಭಯವೇ.

ಹೀಗೇ ಬಿಟ್ಟರೆ ನಾಳೆ ಎಲ್ಲ ಚೆನ್ನಾಗಿ ನಡೆಯುತ್ತದೆ. ನಿಮ್ಮ ಹೆಸರಿಗೆ ನಾನು ಓಗೊಡುತ್ತೇನೆ, ಜನ ಚಪ್ಪಾಳೆ ತಟ್ಟುತ್ತಾರೆ, ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ಅಳುತ್ತಾಳೆ. ಆದರೆ ಮಹಬೂಬಸಾಬರ ಮಾತು ಕೇಳಿದಂದಿನಿಂದ ನನಗೆ ಒಂದೇ ಚಿತ್ರ ಕಾಣುತ್ತಿದೆ. ಕಂಬಳಿಯೊಳಗೆ ನೀವು ನಿಮ್ಮ ಹೆಸರು ಕೇಳುತ್ತೀರಿ, ಇದ್ದಷ್ಟೂ ಉಸಿರು ಕೂಡಿಸಿ ಬಂದೇನ್ರಿ ಅನ್ನುತ್ತೀರಿ, ಪರದೆ ಬೇರೆಯವಳಿಗಾಗಿ ಏಳುತ್ತದೆ. ಯಾರೋ ನಿಮ್ಮ ಪಾತ್ರ ಮಾಡಿದ್ದು ದೊಡ್ಡದಲ್ಲ. ಮೈ ಸರಿ ಇಲ್ಲದಾಗ ಇನ್ನೊಬ್ಬರು ಮಾಡಲೇಬೇಕು. ನೀವು ಬಂದಿಲ್ಲ ಎಂದು ಒಬ್ಬರೂ ಹೇಳಲಿಲ್ಲವಲ್ಲ, ಅದು. ಸಕ್ರಪ್ಪನವರು ನಲವತ್ತೊಂದು ವರ್ಷ ಕಾದಿರುವುದೂ ಆ ಒಂದು ಮಾತಿಗೆ.

ಆದ್ದರಿಂದ ಇಂದು ಬೆಳಿಗ್ಗೆ ಮಹಬೂಬಸಾಬರಿಗೆ ಹೇಳಿದೆ. ನಾಳೆ ನಿಮ್ಮ ಹೆಸರು ಕರೆದಾಗ ನಾನು ಬಾಯಿ ತೆರೆಯುವುದಿಲ್ಲ. ಯಾರೂ ಓಗೊಡದೆಯೇ ಅವರು ಪರದೆ ಎಳೆಯಬೇಕು. ಅವರು ಪರದೆಯ ಹಗ್ಗ ಸವರಿದರು. "ಕಟ್ಟಳೆ ಮುರದಂಗ ಆಕ್ಕೈತಿ" ಅಂದರು. ಆಮೇಲೆ, "ಅವತ್ತ ನಾ ಎಳೀಬಾರದಿತ್ತು. ನಾಳೆ ನೀ ಹೇಳೂತನಕ ಹಗ್ಗ ಮುಟ್ಟಂಗಿಲ್ಲ" ಅಂದರು. ಪರದೆ ಏಳುವ ಮೊದಲು ನಾನು ಮುಂದೆ ಹೋಗಿ ಜನರಿಗೆ ಹೇಳುತ್ತೇನೆ. ನಂದೀಶ ಸರ್‌ಗೆ ತಿಳಿಸಿಲ್ಲ. ಸಿಟ್ಟಾಗಬಹುದು, ಈ ಸೀಸನ್ನಿನಿಂದಲೇ ತೆಗೆಯಬಹುದು. ಆ ದನಿ ಇಲ್ಲದೆ ನಾನು ಗಂಗವ್ವನಾಗಿ ತಡವರಿಸಿ, ಜನ ನಗಬಹುದು. ನಗಲಿ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಹೆಸರು ಕರೆದಾಗ ನೀವೂ ಸುಮ್ಮನಿರಿ. ನನ್ನೊಳಗಿಂದ ಓಗೊಡಬೇಡಿ. ಮೂರನೇ ಅಂಕ ನಿಮ್ಮದು, ಬೇಕಿದ್ದರೆ ಬಂದು ಜೊತೆಗೆ ನಿಲ್ಲಿ, ನಾನು ಜಾಗ ಬಿಟ್ಟು ನಿಲ್ಲುತ್ತೇನೆ. ಆದರೆ ಮುಗಿದ ಮೇಲೆ ನನ್ನ ದನಿಯನ್ನು ನನಗೇ ಬಿಟ್ಟು ಹೋಗಿ. ಎಷ್ಟೇ ಹರಕುಮುರುಕಾಗಿದ್ದರೂ ಅಜ್ಜಿಯ ಜೊತೆ ನಾನು ಅದರಲ್ಲೇ ಮಾತಾಡಬೇಕು.

ಈಗಷ್ಟೇ ಖಾಲಿ ರಂಗದ ಮೇಲೆ ನಿಂತು ನಾಳೆಯ ಮಾತನ್ನು ಗಟ್ಟಿಯಾಗಿ ಹೇಳಿ ನೋಡಿದೆ. "ದ್ಯಾಮವ್ವ ಬೆಲ್ಲಟ್ಟಿಯವರು ಇವತ್ತು ಬಂದಿಲ್ಲ. ಅವರ ಪಾತ್ರ ನಾನು ಮಾಡುತ್ತೇನೆ. ನನ್ನ ಹೆಸರು ಸ್ನೇಹಾ." 'ಳ' ಹೋಗಿ 'ಲ' ಬಂದು ನಿಮ್ಮ ಊರಿನ ಹೆಸರೇ ತಪ್ಪಿತು. ನನ್ನದೇ ತಪ್ಪು, ನನ್ನದೇ ನಾಲಿಗೆ. ಗೋದಾಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಹಿಂದೆ, ಸುತ್ತಿಟ್ಟ ಪರದೆಗಳ ಕಡೆ, ಬಹಳ ಹೊತ್ತಿನಿಂದ ಹಿಡಿದಿಟ್ಟ ಉಸಿರನ್ನು ಯಾರೋ ಬಿಟ್ಟ ಸದ್ದಾಯಿತು.

ಇನ್ನು ಮೇಲೆ ನಿಮ್ಮ ಹೆಸರಿಗೆ ಬೇರೆ ಯಾರೂ ಓಗೊಡದಿರಲಿ. ನೀವು ಇರುವಲ್ಲಿ ಬೆಚ್ಚಗಿರಿ, ಹಾಯಾಗಿರಿ.

ನಾಳೆ ಒಂದು ಸಂಜೆಯ ಮಟ್ಟಿಗೆ ನಿಮ್ಮ ಪಾತ್ರದಲ್ಲಿ,
ಸ್ನೇಹಾ