ಅಕ್ಕನ ಲೆನ್ಸಿಗೆ ಹಾಕಿದ ಬೀಗ ತೆಗೆಸಿಕೊಡಿ

ಮಾನ್ಯ ಗ್ರಾಹಕ ಹಿತರಕ್ಷಣಾ ಆಯುಕ್ತರೇ,

ನನ್ನ ಅಕ್ಕನ ಕ್ಯಾಮೆರಾ ಲೆನ್ಸ್ ರಿಪೇರಿಯಾಗಿದೆ, ಆದರೆ ಕೆಲಸ ಮಾಡುತ್ತಿಲ್ಲ. ಇವೆರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎಂದು ತಾವು ಹುಬ್ಬೇರಿಸಬಹುದು. ಕೆಟ್ಟ ಮೋಟಾರು ತೆಗೆದು ಒಳ್ಳೆಯದನ್ನು ಕೂರಿಸಿದ್ದಾಗಿದೆ. ಅದನ್ನು ಒಪ್ಪಿಕೊಳ್ಳಬೇಡ ಎಂದು ಕಂಪನಿ ಲೆನ್ಸಿನ ಒಳಗೇ ಒಂದು ಬೀಗ ಹಾಕಿಟ್ಟಿದೆ. ಬೀಗದ ಕೈ ಅವರ ಕಂಪ್ಯೂಟರಿನಲ್ಲಿದೆ. ಈ ಮಾದರಿಯ ‘ಸೇವಾ ಅವಧಿ ಮುಗಿದಿರುವುದರಿಂದ’ ಕೊಡುವುದಿಲ್ಲವಂತೆ. ಈ ತಿಂಗಳ ಕೊನೆಗೆ ಗೋದಾಮಿನಲ್ಲಿ ಉಳಿದ ಬಿಡಿಭಾಗಗಳನ್ನು ಪುಡಿ ಮಾಡಿ, ಬೀಗ ತೆಗೆಯುವ ತಂತ್ರಾಂಶವನ್ನೂ ಅಳಿಸಿಹಾಕುತ್ತಾರಂತೆ. ಅಷ್ಟರೊಳಗೆ ತಾವು ಕೈ ಅಡ್ಡ ಹಿಡಿಯದಿದ್ದರೆ ನನ್ನ ಅಕ್ಕನ ಕೆಲಸ ಹೋಗುತ್ತದೆ. ಇಷ್ಟನ್ನೂ ಮೊದಲು ತಮಗೆ ಖಾಸಗಿಯಾಗಿಯೇ ಬರೆದಿದ್ದೆ. ತಮ್ಮ ಕಚೇರಿ ನನ್ನ ದೂರನ್ನು ‘ಸೂಕ್ತ ಕ್ರಮಕ್ಕಾಗಿ’ ಅದೇ ಕಂಪನಿಗೆ ಕಳಿಸಿಕೊಟ್ಟಿತು. ಹಾಲು ಕುಡಿದದ್ದು ಯಾರೆಂದು ವಿಚಾರಿಸಲು ಬೆಕ್ಕನ್ನೇ ನೇಮಿಸಿದಂತಾಯಿತು. ಹಾಗಾಗಿ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ಅಕ್ಕ ಫೋಟೋಗ್ರಾಫರ್. ಹಾಗೆಂದ ಕೂಡಲೇ ತಾವು ಮದುವೆ ಮಂಟಪವನ್ನು ಊಹಿಸಿಕೊಳ್ಳಬೇಡಿ. ಅವಳಿಗೆ ಕೆಲಸವಿರುವುದು ಹೆರಿಗೆ ಆಸ್ಪತ್ರೆಯಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಮೇಲಿನ ಮಹಡಿಯಲ್ಲಿ ಬೆಚ್ಚಗಿನ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿಸಿರುತ್ತಾರೆ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ತಾಯಂದಿರು ಕೆಳಗಿನ ಮಹಡಿಯಲ್ಲಿ ಮಲಗಿರುತ್ತಾರೆ. ಎದ್ದು ಓಡಾಡುವಷ್ಟು ತ್ರಾಣ ಬರುವ ತನಕ ಅವರು ತಮ್ಮ ಮಗುವನ್ನು ನೋಡುವುದು ನನ್ನ ಅಕ್ಕನ ಕ್ಯಾಮೆರಾದಲ್ಲಿ. ಆ ಕೋಣೆಯಲ್ಲಿ ಫ್ಲ್ಯಾಶ್ ಹಾಕುವಂತಿಲ್ಲ, ದೀಪ ಜೋರು ಮಾಡುವಂತಿಲ್ಲ, ಸದ್ದು ಮಾಡುವಂತಿಲ್ಲ. ಆ ಮಬ್ಬು ಬೆಳಕಿನಲ್ಲಿ ಗಾಜಿನಾಚೆಗಿನ ಒಂದು ಪುಟ್ಟ ಮುಷ್ಟಿಯನ್ನು ಸ್ಪಷ್ಟವಾಗಿ ಹಿಡಿಯಬೇಕಾದರೆ ಬಾಯಗಲದ ಒಳ್ಳೆಯ ಲೆನ್ಸೇ ಬೇಕು.

ಅಂಥ ಒಂದು ಲೆನ್ಸ್ ಅವಳ ಬಳಿ ಮೊದಲೇ ಇತ್ತು. ಕಬ್ಬಿಣದ ಹಾಗೆ ಭಾರ, ಬಣ್ಣ ಕಿತ್ತುಹೋಗಿತ್ತು. ಆದರೆ ಮೋಟಾರು ನಿಂತರೂ ಲೆನ್ಸಿನ ಸುತ್ತಲಿನ ಬಳೆಯನ್ನು ಕೈಯಲ್ಲಿ ತಿರುಗಿಸಿ ಫೋಕಸ್ ಮಾಡಬಹುದಿತ್ತು. ಕಂಪನಿ ಒಂದು ಯೋಜನೆ ತಂದಿತು: ಹಳೆಯದನ್ನು ಕೊಡಿ, ಹೊಸದನ್ನು ರಿಯಾಯಿತಿಯಲ್ಲಿ ಒಯ್ಯಿರಿ. ಅಕ್ಕ ಕೊಟ್ಟಳು. ಕಂಪನಿ ಆ ಹಳೆಯದನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿತೆಂದು ಆಮೇಲೆ ತಿಳಿಯಿತು. ಹೊಸದರಲ್ಲೂ ಬಳೆ ಇದೆ, ಆದರೆ ಅದು ಬರೀ ಅಲಂಕಾರ. ಬಳೆಗೂ ಒಳಗಿನ ಗಾಜಿಗೂ ಸಂಬಂಧವೇ ಇಲ್ಲ. ನಾವು ಬಳೆ ತಿರುಗಿಸಿದರೆ ಅದು ಮೋಟಾರಿಗೆ ಸುದ್ದಿ ಮುಟ್ಟಿಸುತ್ತದೆ, ಮೋಟಾರು ಮನಸ್ಸು ಮಾಡಿದರೆ ಗಾಜು ಕದಲುತ್ತದೆ. ತಮ್ಮ ಕಚೇರಿಯ ಕೆಲಸ ನಡೆಯುವ ರೀತಿಯೂ ಇದೇ ಆದ್ದರಿಂದ ಹೆಚ್ಚು ವಿವರಿಸಬೇಕಿಲ್ಲ.

ಆಮೇಲೆ ಒಂದು ಉಚಿತ ತಪಾಸಣಾ ಶಿಬಿರ ನಡೆಯಿತು. ಅಕ್ಕ ಲೆನ್ಸನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಗಾಜು ಒರೆಸಿಕೊಟ್ಟರು, ‘ಆರೋಗ್ಯವಾಗಿದೆ’ ಎಂಬ ಹಸಿರು ಚೀಟಿ ಅಂಟಿಸಿದರು, ‘ಉತ್ತಮ ಅನುಭವಕ್ಕಾಗಿ’ ಹೊಸ ತಂತ್ರಾಂಶ ತುಂಬಿಕೊಟ್ಟರು. ಆ ಬೀಗ ಒಳಹೊಕ್ಕಿದ್ದು ಆಗ. ಲಸಿಕೆ ಹಾಕಿಸಲು ಕರೆದು ರೋಗ ಚುಚ್ಚಿ ಕಳಿಸುವವರನ್ನು ತಮ್ಮ ಕಾನೂನಿನಲ್ಲಿ ಏನೆನ್ನುತ್ತಾರೆ?

ಮುಂದೊಂದು ದಿನ ಮೋಟಾರು ನಿಂತುಹೋಯಿತು. ಸೇವಾ ಕೇಂದ್ರಕ್ಕೆ ನಾನೂ ಅಕ್ಕನ ಜೊತೆ ಹೋಗಿದ್ದೆ. ಕೌಂಟರಿನ ಹಿಂದೆ ಟೈ ಕಟ್ಟಿಕೊಂಡಿದ್ದ ಹುಡುಗ ಲೆನ್ಸನ್ನು ಮುಟ್ಟಲೂ ಇಲ್ಲ.

“ಮೇಡಂ, ಇದರ ಆಯುಸ್ಸು ಮುಗಿದಿದೆ,” ಎಂದ.

“ಹಣೆಬರಹ ಬರೆದೋರು ಯಾರಪ್ಪಾ?” ಎಂದಳು ಅಕ್ಕ.

“ಹೆಡ್ ಆಫೀಸು, ಮೇಡಂ.”

“ಮೋಟಾರು ಇಲ್ವಾ ನಿಮ್ಮ ಹತ್ರ?”

“ಇದಾವೆ. ಗೋದಾಮಲ್ಲಿ ರಾಶಿ ಬಿದ್ದಿದಾವೆ. ಕೊಡೋ ಹಾಗಿಲ್ಲ ಅಷ್ಟೆ. ತಿಂಗಳ ಕೊನೇಲಿ ಎಲ್ಲಾ ಪುಡಿಗೆ ಹೋಗುತ್ತೆ.” ಹೇಳಬಾರದ್ದನ್ನು ಹೇಳಿದೆನೆಂದು ಅವನಿಗೆ ತಕ್ಷಣ ಹೊಳೆದಿರಬೇಕು. ಹೊಸ ಮಾದರಿಯ ಬಣ್ಣದ ಕಾಗದವನ್ನು ನಮ್ಮ ಮುಂದೆ ತಳ್ಳಿದ. ಹೊಸ ಲೆನ್ಸ್ ಅಕ್ಕನ ಕ್ಯಾಮೆರಾಕ್ಕೆ ಕೂರುವುದಿಲ್ಲ, ಕ್ಯಾಮೆರಾವನ್ನೂ ಹೊಸದಾಗಿ ಕೊಳ್ಳಬೇಕು. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಹಳೆಯ ಮಾತು. ಇಲ್ಲಿ ಮೂಗುತಿ ಬೇಕಿದ್ದರೆ ಮೂಗನ್ನೇ ಬದಲಿಸಿ ಎನ್ನುತ್ತಿದ್ದಾರೆ.

ನಮ್ಮ ಬೀದಿಯ ಕೊನೆಯಲ್ಲಿ ಲೆನ್ಸ್ ರಿಪೇರಿ ಮಾಡುವವರೊಬ್ಬರಿದ್ದಾರೆ. ಎಲ್ಲರೂ ಸ್ಕ್ರೂ ಮಾವ ಎನ್ನುತ್ತೇವೆ. ಬಾಯಿ ಬಹಳ ಜೋರು. “ಇದ್ಯಾವ ಮಹಾ! ಟೀ ಆರೋದ್ರೊಳಗೆ ಮುಗಿಸ್ತೀನಿ,” ಎಂದು ಶುರು ಮಾಡಿದರು. ಕೆಳಗೆ ಬಿದ್ದು ಗಾಜು ಒಡೆದಿದ್ದ ಇದೇ ಮಾದರಿಯ ಲೆನ್ಸಿನಿಂದ ಮೋಟಾರು ಬಿಚ್ಚಿ ಅಕ್ಕನದಕ್ಕೆ ಹಾಕಿದರು. ಟೀ ಎಷ್ಟು ಸಲ ಆರಿತೋ! ಕೊನೆಗೆ ಲೆನ್ಸನ್ನು ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸಿದಾಗ ಪರದೆಯ ಮೇಲೆ ಒಂದೇ ಸಾಲು ಬಂತು: ಈ ಭಾಗ ಅಧಿಕೃತವಲ್ಲ.

ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೃದಯ ಸರಿಯಾಗಿ ಕೂತಿದೆ ಕಣಮ್ಮಾ. ಆದ್ರೆ ಕಂಪನಿಯೋರು ಬಂದು ಹೂಂ ಅನ್ನೋ ತನಕ ಬಡಿಯಲ್ಲ ಅಂತ ಹಟ ಹಿಡಿದಿದೆ. ಮೋಟಾರು ನಿಮ್ಮದೇ, ಲೆನ್ಸೂ ನಿಮ್ಮದೇ, ಮದುವೆ ಮಾಡ್ಸೋಕೆ ಮಾತ್ರ ಅವರ ಅಪ್ಪಣೆ ಬೇಕು!”

ನಕ್ಕೆವು. ನಗದೆ ಇನ್ನೇನು ಮಾಡುವುದು? ಮಾರಿಬಿಟ್ಟರೆ ಬೇರೇನಾದರೂ ಕೊಳ್ಳಬಹುದೆಂದು ಹಳೆ ಕ್ಯಾಮೆರಾ ಅಂಗಡಿಗೂ ಹೋದೆವು. ಆ ಅಂಗಡಿಯಾತ ಲೆನ್ಸನ್ನು ಅಂಗೈಯಲ್ಲಿ ತೂಗಿ ನೋಡಿ, “ಇನ್ಮೇಲೆ ರಿಪೇರಿ ಇಲ್ಲ ಅಂತ ಕಂಪನಿ ನೋಟೀಸು ಬರೋಕೆ ಮುಂಚೆ ತಂದಿದ್ರೆ ಕಣ್ಣಿಗೊತ್ಕೊಂಡು ತಗೋತಿದ್ದೆ, ತಂಗಿ. ಈಗ ಕಾಗದ ಹಾರದ ಹಾಗೆ ಮೇಲಿಡೋಕೆ ಆಗುತ್ತೆ ಅಷ್ಟೆ,” ಎಂದ. ಹಳೆಯ ಲೋಹದ ಲೆನ್ಸನ್ನು ಕಂಪನಿಗೇ ಕೊಟ್ಟ ಕಥೆ ಕೇಳಿ ಬಿದ್ದು ಬಿದ್ದು ನಕ್ಕ. “ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!” ಅವನ ಕಪಾಟಿನಲ್ಲಿ ಇದೇ ಮಾದರಿಯ, ಒಂದು ಗೀರೂ ಇಲ್ಲದ, ಚೆನ್ನಾಗಿ ನಡೆಯುವ ಲೆನ್ಸುಗಳು ಸಾಲಾಗಿದ್ದವು. ಅವನ್ನೂ ಯಾರೂ ಕೇಳುವುದಿಲ್ಲವಂತೆ. ನಾಳೆ ಕೆಟ್ಟರೆ ಗತಿಯೇನು ಎಂದು ಕೊಳ್ಳುವವರಿಗೆ ಭಯ. ನಮಗೂ ಅದೇ ಭಯ, ಜೊತೆಗೆ ಕೈಯಲ್ಲಿ ಕಾಸಿಲ್ಲ. ಮಾನ್ಯರೇ, ಕೆಟ್ಟ ವಸ್ತುವಿಗೆ ಬೆಲೆಯಿಲ್ಲ ಎಂದರೆ ಒಪ್ಪುತ್ತೇನೆ. ಕೆಡದೆ ಇರುವುದಕ್ಕೂ ಬೆಲೆಯಿಲ್ಲ ಎಂದರೆ ಅದನ್ನು ಕದ್ದವರು ಯಾರು? ಬಾಗಿಲು ಮುರಿಯದೆ, ಕಿಟಕಿ ಹಾರದೆ, ಒಂದು ನೋಟೀಸು ಅಂಟಿಸಿ ಸಾವಿರಾರು ಮನೆಗಳ ಕಪಾಟಿಗೆ ಕನ್ನ ಹಾಕಬಹುದಾದರೆ ಜೇಬುಗಳ್ಳರನ್ನೇಕೆ ಸುಮ್ಮನೆ ಜೈಲಿನಲ್ಲಿಟ್ಟಿದ್ದೀರಿ?

ನಾನು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಪ್ರತಿ ತೆಗೆಸಲು ಜನ ತರುವ ಕರಪತ್ರಗಳೇ ನನ್ನ ಕಾಲೇಜು. ದುಡಿಯುವವನ ಕೈಯಿಂದ ಅವನ ಉಪಕರಣವನ್ನು ಕಸಿದರೆ ಅವನು ಕೂಲಿಯಾಗುತ್ತಾನೆ ಎಂದು ಅವುಗಳಲ್ಲಿ ಓದಿದ್ದೇನೆ. ಉಪಕರಣವನ್ನು ಕೈಯಲ್ಲೇ ಬಿಟ್ಟು ಅದರ ಜೀವ ಮಾತ್ರ ಕಸಿಯುವ ಉಪಾಯವನ್ನು ಯಾವ ಕರಪತ್ರವೂ ಬರೆದಿರಲಿಲ್ಲ.

ಇಷ್ಟೇ ಆಗಿದ್ದರೆ ತಮ್ಮನ್ನು ಹೀಗೆ ಕಾಡುತ್ತಿರಲಿಲ್ಲ. ಲೆನ್ಸ್ ನಿಂತ ಮೇಲೆ ಅಕ್ಕ ಮೊಬೈಲಿನಲ್ಲಿ ಫೋಟೋ ತೆಗೆಯತೊಡಗಿದಳು. ಮಬ್ಬು ಬೆಳಕಿನಲ್ಲಿ ಮೊಬೈಲು ತನಗೆ ಕಾಣದ್ದನ್ನೆಲ್ಲ ತಾನೇ ತುಂಬಿಕೊಳ್ಳುತ್ತದೆ. ಚರ್ಮವನ್ನು ನುಣುಪು ಮಾಡುತ್ತದೆ, ಬಣ್ಣ ಏರಿಸುತ್ತದೆ. ಚೊಚ್ಚಲ ಹೆರಿಗೆಯ ತಾಯಿಯೊಬ್ಬಳು ಆ ಫೋಟೋ ನೋಡಿದಳು. ನೋಡುತ್ತಲೇ ಇದ್ದಳು.

“ಇದು ಗೊಂಬೆ ಥರ ಇದೆಯಲ್ಲಾ?” ಎಂದಳು.

“ಮೊಬೈಲ್ ಫೋಟೋ ಹಾಗೇ ಬರುತ್ತಮ್ಮಾ,” ಎಂದಳು ಅಕ್ಕ.

“ಪಕ್ಕದ ಬೆಡ್ಡಿನ ಅಕ್ಕನಿಗೆ ಮುಂಚೆ ತೋರಿಸಿದ್ರಲ್ಲ, ಅದರಲ್ಲಿ ಮೈಮೇಲಿನ ನವಿರು ಕೂದಲೂ ಕಾಣ್ತಿತ್ತು. ನನ್ನ ಮಗೂದು ಯಾಕೆ ಕಾಣಲ್ಲ? ನಿಜ ಹೇಳಿ. ನನ್ನ ಮಗು ಇದೆ ತಾನೇ?”

ಇದೆ, ಚೆನ್ನಾಗಿದೆ ಎಂದು ಅಕ್ಕ ಹೇಳಿದಳು. ನರ್ಸ್ ಹೇಳಿದರು. ಗಂಡ ಆಣೆ ಮಾಡಿದ. ಯಾವುದೂ ಅವಳ ಕಿವಿಗೆ ಬೀಳಲಿಲ್ಲ. ಎಲ್ಲರೂ ಸೇರಿ ತನ್ನಿಂದ ಮುಚ್ಚಿಡುತ್ತಿದ್ದಾರೆ ಎಂದೇ ನಂಬಿದಳು. ಊಟದ ಗಾಡಿ ಬಂದು ಎಲ್ಲರೂ ಆ ಕಡೆ ತಿರುಗಿದಾಗ ಎದ್ದು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ತಿರುವಿನಲ್ಲಿ ಹೊಲಿಗೆ ಬಿಚ್ಚಿ ಕುಸಿದಳು. ಅವಳನ್ನು ಮತ್ತೆ ಆಪರೇಷನ್ ಕೋಣೆಗೆ ಒಯ್ಯಬೇಕಾಯಿತು. ಆಗಲೂ ಮೇಲಿನ ಮಹಡಿಯಲ್ಲಿ ಅವಳ ಮಗು ಕಾಲು ಝಾಡಿಸುತ್ತ ಮಲಗಿತ್ತು. ತಾಯಿ ಬದುಕಿಕೊಂಡಳು. ಹೆಡ್ ನರ್ಸ್ ಅಕ್ಕನನ್ನು ಕರೆದು, “ನಿನ್ನ ಮೇಲೆ ಕೋಪ ಇಲ್ಲ ಮಗಳೇ. ಆದ್ರೆ ಇನ್ನು ಮೊಬೈಲ್ ಫೋಟೋ ಬೇಡ. ತಿಂಗಳ ಕೊನೆ ತನಕ ನೋಡ್ತೀನಿ, ಆಮೇಲೆ ಈ ಕೆಲಸಾನೇ ನಿಲ್ಲಿಸಬೇಕಾಗುತ್ತೆ,” ಎಂದರು.

ಅನಧಿಕೃತ ಬಿಡಿಭಾಗದಿಂದ ಗ್ರಾಹಕರ ‘ಸುರಕ್ಷತೆ’ಗೆ ಧಕ್ಕೆಯಾಗುತ್ತದೆ ಎಂದು ಕಂಪನಿ ತಮಗೆ ಉತ್ತರ ಬರೆದಿದೆ, ತಾವು ಅದನ್ನು ಚಾಚೂ ತಪ್ಪದೆ ನಮಗೆ ರವಾನಿಸಿದ್ದೀರಿ. ಯಾರ ಸುರಕ್ಷತೆ, ಮಾನ್ಯರೇ? ಮೆಟ್ಟಿಲ ತಿರುವಿನಲ್ಲಿ ಬಿದ್ದಿದ್ದವಳದೋ, ಕಂಪನಿಯ ಮುಂದಿನ ವರ್ಷದ ಮಾರಾಟದ್ದೋ?

ಈಗ ಅಕ್ಕ ಕ್ಯಾಮೆರಾ ಇಲ್ಲದೆ ಆಸ್ಪತ್ರೆಗೆ ಹೋಗುತ್ತಾಳೆ. ಮೇಲೆ ಹೋಗಿ ಪೆಟ್ಟಿಗೆಯ ಮುಂದೆ ನಿಂತು ಮಗುವನ್ನು ಉರುಹೊಡೆಯುವಂತೆ ನೋಡುತ್ತಾಳೆ. ಕೆಳಗೆ ಬಂದು ಮಂಚದ ಪಕ್ಕ ಕೂತು ಹೇಳುತ್ತಾಳೆ: ಎಡಗಿವಿ ಸ್ವಲ್ಪ ಮಡಚಿಕೊಂಡಿದೆ, ಉಗುರು ಬಂದಿದೆ, ಆಕಳಿಸಿತು. ಕೆಲವರು ನಂಬುತ್ತಾರೆ. ಕೆಲವರು ಅವಳ ಮುಖವನ್ನೇ ದಿಟ್ಟಿಸುತ್ತಾರೆ, ಸುಳ್ಳು ಎಲ್ಲಿದೆ ಎಂದು ಹುಡುಕುತ್ತಾರೆ. ಆ ನೋಟ ಹೊತ್ತು ಮನೆಗೆ ಬರುವ ಅಕ್ಕ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಏಳುತ್ತಾಳೆ. ಅವಳಿಗೆ ಏನು ಹೇಳಲಿ? ಕರಪತ್ರಗಳಲ್ಲಿ ಅದಕ್ಕೆ ಮಾತಿಲ್ಲ.

ಕಾನೂನು ಬರಲಿ, ಸಮಿತಿ ಕೂರಲಿ, ಮಾರಿದ ವಸ್ತುವಿಗೆ ಮಾರಿದವನು ಎಷ್ಟು ಕಾಲ ಹೊಣೆ ಎಂದು ಪಂಡಿತರು ಚರ್ಚಿಸಲಿ. ಅದಕ್ಕೆಲ್ಲ ವರ್ಷಗಟ್ಟಲೆ ಕಾಯಲು ನಾನು ಸಿದ್ಧ. ಆದರೆ ಪುಡಿ ಮಾಡುವ ಯಂತ್ರ ಕಾಯುವುದಿಲ್ಲ. ಗೋದಾಮಿನ ಬಿಡಿಭಾಗಗಳನ್ನು ನಾಶ ಮಾಡಕೂಡದು, ಬೀಗ ತೆಗೆಯುವ ತಂತ್ರಾಂಶವನ್ನು ರಿಪೇರಿಯವರ ಕೈಗೆ ಕೊಡತಕ್ಕದ್ದು ಎಂದು ಒಂದು ಆದೇಶ ಹೊರಡಿಸಿ. ಒಂದು ಸಹಿ ಸಾಕು. ಅದಕ್ಕೂ ಮನಸ್ಸಾಗದಿದ್ದರೆ ದಯವಿಟ್ಟು ಒಂದು ಮಧ್ಯಾಹ್ನ ಆಸ್ಪತ್ರೆಗೆ ಬನ್ನಿ. ಕೆಳಗಿನ ಮಹಡಿಯಲ್ಲಿ ಯಾವುದಾದರೂ ಮಂಚದ ಪಕ್ಕ ಕೂತು, ನಿನ್ನ ಮಗು ಬದುಕಿದೆಯಮ್ಮಾ ಎಂದು ತಾವೇ ಹೇಳಿ. ಅವಳು ನಂಬಿದರೆ ನಾನು ಮತ್ತೆಂದೂ ತಮಗೆ ಬರೆಯುವುದಿಲ್ಲ.

ಇಂತಿ,
ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಅಂಚೆಯಣ್ಣನ ದಾರಿ ಕಾಯುವ
ಫೋಟೋಗ್ರಾಫರ್ ಒಬ್ಬಳ ತಂಗಿ