ಬೀ ಬಾಮ್ ಬೆಳೆಯುವ ಜಾಗ

ಮಿನಿಸೋಟ
ಆಗಸ್ಟ್ 24

ಪ್ರೀತಿಯ ಡೆಲ್ಫಿನ್ ಅಕ್ಕ,

ಚೆನ್ನಾಗಿದ್ದೀಯಾ? ಮಂಡಿನೋವು ಹೇಗಿದೆ? ಮೂರು ವಾರದಿಂದ ನಿನಗೆ ಉತ್ತರ ಬರೆದಿಲ್ಲ, ಎಷ್ಟು ಬೇಕೋ ಅಷ್ಟು ಬೈದುಕೋ. ನೀನು ಕಳಿಸಿದ ಮೇಪಲ್ ಪಾಕದ ಸೀಸೆ ಬಂತು, ಅರ್ಧ ಖಾಲಿಯೂ ಆಯಿತು. ಇಲ್ಲಿಯ ಜಗಳ ಮುಗಿಯಲಿ, ಆಮೇಲೆ ಬರೆಯೋಣ ಎಂದು ಕಾಯುತ್ತಿದ್ದೆ. ನಿನ್ನೆ ಮುಗಿಯಿತು.

ಜುಲೈಯಲ್ಲಿ ನೀನು ಕರೆದುಕೊಂಡು ಹೋಗಿ ತೋರಿಸಿದೆಯಲ್ಲ, ಹೊಳೆಯಾಚೆಯ ಬೀ ಬಾಮ್ ಗಿಡಗಳು, ಅವುಗಳ ಎಣ್ಣೆ ಇಳಿಸಿದೆ. ಬೇರೆ ಕಡೆಯ ಬೀ ಬಾಮ್ ಎಣ್ಣೆ ಮೂಗಿಗೆ ಹೊಡೆಯುವಷ್ಟು ಘಾಟು. ಇದಕ್ಕೆ ಗುಲಾಬಿಯ ಘಮ. ನಮ್ಮ ಹಳೆಯ ದಿಬ್ಬದ ಗಿಡಗಳದ್ದೂ ಹೀಗೇ ಇತ್ತು. ಮೂಗನ್ನು ನಂಬದೆ, ಎಣ್ಣೆಯಲ್ಲಿ ಏನೇನಿದೆ ಎಂದು ಗೆರೆ ಎಳೆದು ತೋರಿಸುವ ಯಂತ್ರಕ್ಕೆ ಮೂರು ಸಲ ಹಾಕಿದೆ, ಮೂರು ಸಲವೂ ಗುಲಾಬಿ ಘಮದ ಗೆರೆ ಅಲ್ಲೇ ಎದ್ದು ನಿಂತಿತು. ಪ್ರಯೋಗಾಲಯದಲ್ಲಿ ಒಬ್ಬಳೇ ಕುಣಿದೆ, ನಗಬೇಡ.

ನನ್ನ ಪ್ರೊಫೆಸರ್ ಹಾಲ್ವರ್ಸನ್ ಅವರಿಗೂ ಖುಷಿಯಾಯಿತು. ಆಮೇಲೆ ಪ್ರಬಂಧದಲ್ಲಿ ನಾನು ಖಾಲಿ ಬಿಟ್ಟಿದ್ದ ಸಾಲಿನ ಮೇಲೆ ಬೆರಳಿಟ್ಟರು.

"ಗಿಡ ಎಲ್ಲೀದು ಅಂತ ಬರ್ದೇ ಇಲ್ವಲ್ಲ?"

"ಬರಿಯಲ್ಲ ಸರ್."

"ಹೋದ ಸಲ ಬರ್ದಿದ್ಯಲ್ಲ."

"ಅದಕ್ಕೇ ಈ ಸಲ ಬರಿಯಲ್ಲ."

ನಿನಗೆ ಗೊತ್ತಿರುವುದೇ. ನಾಲ್ಕು ವರ್ಷದ ಹಿಂದೆ ಹಳೆಯ ದಿಬ್ಬವನ್ನು ನಕ್ಷೆಯ ಸಮೇತ ಅಚ್ಚು ಹಾಕಿಸಿದವಳು ನಾನೇ. ಮರುವರ್ಷ ಯಾರೋ ಗುದ್ದಲಿ ತಂದು ಎಲ್ಲವನ್ನೂ ಬೇರುಸಹಿತ ಅಗೆದುಕೊಂಡು ಹೋದರು. ಅಮ್ಮ ಒಂದು ಚಿಟಿಕೆ ಹೊಗೆಸೊಪ್ಪು ನೆಲಕ್ಕಿಟ್ಟು, ಗಿಡದ ಅಪ್ಪಣೆ ಕೇಳಿ, ಮೊದಲು ಕಂಡ ಗಿಡವನ್ನು ಮುಟ್ಟದೆ ಮುಂದೆ ಹೋಗಿ ಕಷಾಯಕ್ಕೆ ನಾಲ್ಕೇ ಎಲೆ ಕೀಳುತ್ತಿದ್ದ ಜಾಗ ಅದು. ಈಗ ಅಲ್ಲಿ ಬರೀ ಗುಂಡಿಗಳು.

"ಯಾರು ಬೇಕಾದ್ರೂ ಪರೀಕ್ಷೆ ಮಾಡೋ ಹಾಗಿರ್ಬೇಕಮ್ಮ. ಇಲ್ದಿದ್ರೆ ಇದು ವಿಜ್ಞಾನ ಅಲ್ಲ, ಕಥೆ" ಅಂದರು.

"ಮಾಡ್ಲಿ, ಬೇಡ ಅಂದೋರ್ಯಾರು? ನಮ್ಮ ಓಜಿಬ್ವೆ ಜನರ ಕಾಲೇಜಿನ ತೋಟದಲ್ಲಿ ಬೀಜ ಹಾಕಿ ಬೆಳೆಸ್ತೀನಿ. ಬಂದು ಎಣ್ಣೆ ಇಳಿಸ್ಕೊಳ್ಳಿ, ನಾನೇ ಒಲೆ ಹಚ್ಚಿಕೊಡ್ತೀನಿ. ಕಾಡಿನ ದಾರಿ ಮಾತ್ರ ಕೇಳ್ಬೇಡಿ."

"ಬೀಜದಿಂದ ಅಂದ್ರೆ ಇನ್ನೆರಡು ವರ್ಷ. ನಿನ್ನ ಡಾಕ್ಟರೇಟು?"

"ಅದೆಲ್ಲಿಗೆ ಓಡಿಹೋಗುತ್ತೆ ಸರ್?"

ಹಣೆ ಚಚ್ಚಿಕೊಂಡರು. ಕೆಟ್ಟವರಲ್ಲ ಅಕ್ಕ, ಅವರಿಗೆ ಗುಂಡಿಗಳು ಕಾಣುವುದಿಲ್ಲ ಅಷ್ಟೇ. ಮೂರು ವಾರ ಬೇರೆ ಬೇರೆಯವರ ಕೈಲಿ ಹೇಳಿಸಿದರು. ನಾನು ಜಗ್ಗಲಿಲ್ಲ. ನಿನ್ನೆ ಪ್ರಬಂಧವನ್ನು ವಾಪಸ್ ತೆಗೆದುಕೊಂಡು, ಟಿಪ್ಪಣಿ ಪುಸ್ತಕದಲ್ಲಿ ಹೊಳೆಯಾಚೆಯ ದಾರಿ ಬರೆದುಕೊಂಡಿದ್ದ ಹಾಳೆಯನ್ನು ಅವರ ಕಣ್ಣೆದುರೇ ಹರಿದೆ. ಅದು ಈ ಲಕೋಟೆಯಲ್ಲಿದೆ. ನಿನ್ನ ಒಲೆಗೆ ಹಾಕಿಬಿಡು. ಇನ್ನೆರಡು ವರ್ಷ ಎಲ್ಲರೂ ನನ್ನನ್ನು ಹುಚ್ಚಿ ಅನ್ನಲಿ, ನನಗೇನೂ ನಾಚಿಕೆಯಿಲ್ಲ.

ಸೆಪ್ಟೆಂಬರಿನಲ್ಲಿ ಬೀಜ ಬಲಿಯುತ್ತದೆ. ಒಂದು ಹಿಡಿ ಬೇಕು. ನೀನೇ ತಂದುಕೊಟ್ಟರೂ ಸರಿ, ನನ್ನನ್ನು ಕರೆದರೂ ಸರಿ. ಕರೆಯದೆ ಬರುವುದಿಲ್ಲ.

ಈ ಸಲ ಕೆರೆಯ ತುಂಬ ಕಾಡಕ್ಕಿಯ ತೆನೆ ತೂಗಲಿ, ನಿನ್ನ ದೋಣಿ ಭಾರವಾಗಿ ದಡ ಸೇರಲಿ. ಮಂಡಿಗೆ ಬೆಚ್ಚಗೆ ಬಟ್ಟೆ ಸುತ್ತಿಕೋ.

ನಿನ್ನ ತಂಗಿ,
ಲೊರೇನ್

ತಾ.ಕ.: ಒಂದು ಮಾತು ಮರೆತಿದ್ದೆ ಎಂದು ಬರೆಯಲು ಹೊರಟೆ. ಮರೆತಿರಲಿಲ್ಲ. ಹೋದ ಚಳಿಗಾಲ, ಅಮ್ಮ ತೀರಿಕೊಳ್ಳುವ ತಿಂಗಳ ಮುಂಚೆ, ನನಗೆ ಕೆಮ್ಮು ಹತ್ತಿತ್ತಲ್ಲ. ಅವಳು ಬೀ ಬಾಮ್ ಕಷಾಯ ಕಾಸಿಕೊಟ್ಟಳು. ದಿಬ್ಬ ಹಾಳಾಗಿ ಆಗಲೇ ಎರಡು ವರ್ಷವಾಗಿತ್ತು. "ಎಲೆ ಎಲ್ಲಿಂದ ತಂದ್ಯಮ್ಮಾ?" ಅಂದೆ. ನನ್ನ ಮುಖ ನೋಡದೆ "ಅಂಗಡೀದು" ಅಂದಳು. ಲೋಟದ ತುಂಬ ನಮ್ಮ ದಿಬ್ಬದ್ದೇ ಗುಲಾಬಿಯ ಘಮ. ಏನೂ ತಿಳಿಯದವಳ ಹಾಗೆ ಪೂರ್ತಿ ಕುಡಿದೆ.